ಹೆಸರುಗಳಿವೆ, ಫೋಟೋಗಳಿಲ್ಲ

"ಸರ್, ಫೈಲ್ ಹೆಸರೆಲ್ಲ ಕಾಣ್ತಿದೆಯಲ್ಲ, ಫೋಟೋ ಹೆಂಗೆ ಹೋಗುತ್ತೆ?"

ಈ ವಾರ ನನ್ನ ಬಳಿ ಬಂದಿದ್ದ ಮದುವೆ ಫೋಟೋಗ್ರಾಫರ್ ಹುಡುಗ ಕೇಳಿದ್ದೇ ಕೇಳಿದ. 256 ಜಿಬಿ ಎಂದು ಬರೆದಿದ್ದ ಎಸ್‌ಡಿ ಕಾರ್ಡ್. ಹಿಂದಿನ ಸಂಜೆಯ ಆರತಕ್ಷತೆ ಪೂರ್ತಿ ಇತ್ತು. ಮರುದಿನದ ಧಾರೆ, ಮಾಂಗಲ್ಯಧಾರಣೆ ಒಂದೂ ತೆರೆಯಲಿಲ್ಲ.

ಕಾರ್ಡ್ ಒಳಗೆ ಡೇಟಾ ಹಿಡಿಯುವ ಫ್ಲ್ಯಾಶ್ ಚಿಪ್ ಇರುತ್ತದೆ, ಅದನ್ನು ನಡೆಸುವ ಕಂಟ್ರೋಲರ್ ಇರುತ್ತದೆ. ಇಷ್ಟು ಜಿಬಿ ಎಂದು ಹೇಳುವುದು ಕಂಟ್ರೋಲರ್. ಕ್ಯಾಮೆರಾ ಅಳೆದು ನೋಡುವುದಿಲ್ಲ, ನಂಬುತ್ತದೆ. ನಕಲಿ ಕಾರ್ಡ್ ಮಾಡುವವರು 16 ಜಿಬಿ ಚಿಪ್ ಕೂರಿಸಿ ಕಂಟ್ರೋಲರ್ ಬಾಯಲ್ಲಿ 256 ಎಂದು ಹೇಳಿಸುತ್ತಾರೆ. ಈ ಹುಡುಗನ ಕಾರ್ಡೂ ಅಂಥದ್ದೇ. ಫೋಲ್ಡರ್, ಫೈಲ್ ಹೆಸರುಗಳ ಪಟ್ಟಿ ಹೆಚ್ಚಾಗಿ ಕಾರ್ಡಿನ ಆರಂಭದ ಭಾಗದಲ್ಲೇ ಇರುವುದರಿಂದ ಅದು ನಿಜವಾದ ಚಿಪ್ಪಿನೊಳಗೆ ಬೀಳುತ್ತದೆ. ಅದಕ್ಕೇ ಹೆಸರು, ಗಾತ್ರ, ತಾರೀಖು ಎಲ್ಲ ಸರಿ. ಒಂದು ರಾ ಫೈಲ್ (ಕ್ಯಾಮೆರಾ ಕುಗ್ಗಿಸದೆ ಕೊಡುವ ಮೂಲ ಚಿತ್ರ) 25 ಎಂಬಿ ಎಂದರೂ ಆರುನೂರು ಚಿಲ್ಲರೆ ಫೋಟೋಗೆ ಜಾಗ ಮುಗಿಯಿತು. ಆಮೇಲಿನವನ್ನು ಕಾರ್ಡ್ ಬರೆದುಕೊಂಡೇ ಇಲ್ಲ. ಕ್ಲಿಕ್ಕಿಸಿದ ಕೂಡಲೇ ಪರದೆಯಲ್ಲಿ ಮೂಡಿದ ತಾಳಿಯ ಚಿತ್ರ ಕ್ಯಾಮೆರಾದ ಬಫರ್‌ನದು, ಅಂದರೆ ಅದರ ತಾತ್ಕಾಲಿಕ ನೆನಪಿನದು.

ಅಳಿಸಿದ ಫೋಟೋ ಆಗಿದ್ದರೆ ದಾರಿಯಿತ್ತು. ಡಿಲೀಟ್ ಮಾಡಿದಾಗ ಸಾಮಾನ್ಯವಾಗಿ ಪಟ್ಟಿಯಷ್ಟೇ ಬದಲಾಗುತ್ತದೆ. ಮೇಲೆ ಹೊಸದೇನೂ ಬರೆಯದಿದ್ದರೆ ಫೋಟೋರೆಕ್ ಎಂಬ ತಂತ್ರಾಂಶ ಹುಡುಕಿ ಕೊಡುತ್ತದೆ. ಇಲ್ಲಿ 16 ಜಿಬಿ ಆಚೆ ಬರೀ ಸೊನ್ನೆ.

ಮದುವೆ ಮನೆಯವರು ಹುಡುಗನನ್ನೇ ಬೈದರಂತೆ. ಅದು ಅನ್ಯಾಯ. ಬ್ಯಾಟರಿ, ಫ್ಲ್ಯಾಶ್ ಎಲ್ಲ ಎರಡೆರಡು ಇಟ್ಟುಕೊಳ್ಳುವವನು ಅವನು. ಲೇಬಲ್, ಪ್ಯಾಕಿಂಗ್ ನೋಡಿದರೆ ನನಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಗೊತ್ತಿದ್ದೂ ಇಂಥದ್ದನ್ನು ಮಾರುವವರ ಮೇಲೆ ನನಗೆ ಕೋಪ. ಮತ್ತೆ ತೆಗೆಯಲಾಗದ ಗಳಿಗೆಗಳನ್ನೆಲ್ಲ, ಮಗುವಿನ ನಾಮಕರಣವೋ ಅಜ್ಜಿಯ ಕೊನೆಯ ಹಬ್ಬವೋ, ನಾವು ಈ ಉಗುರಗಲದ ವಸ್ತುವಿನ ಮಾತಿನ ಮೇಲೆ ಬಿಟ್ಟಿದ್ದೇವೆ.

ಹೊಸ ಕಾರ್ಡನ್ನು ಖಾಲಿ ಇರುವಾಗಲೇ ಪೂರ್ತಿ ತುಂಬಿಸಿ ಓದಿಸಬೇಕು: ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್, ಮ್ಯಾಕ್‌ನಲ್ಲಿ ಎಫ್3 ಎಂಬ ತಂತ್ರಾಂಶದಿಂದ. ಸೆಕೆಂಡಿಗೆ 30 ಎಂಬಿ ವೇಗದಲ್ಲಿ 256 ಜಿಬಿ ಬರೆಯಲು ಎರಡು ಗಂಟೆ ಇಪ್ಪತ್ತು ನಿಮಿಷ, ಓದುವ ವೇಗ 70 ಎಂಬಿ ಇದ್ದರೆ ಓದಲು ಇನ್ನೊಂದು ಗಂಟೆಯ ಆಸುಪಾಸು. ಕ್ವಿಕ್ ಫಾರ್ಮ್ಯಾಟ್ ಈ ಮೋಸ ಹಿಡಿಯುವುದಿಲ್ಲ. ಎರಡು ಸ್ಲಾಟ್ ಇರುವ ಕ್ಯಾಮೆರಾದಲ್ಲಿ ಓವರ್‌ಫ್ಲೋ (ಒಂದು ತುಂಬಿದ ಮೇಲೆ ಇನ್ನೊಂದಕ್ಕೆ) ಬಿಟ್ಟು ಬ್ಯಾಕಪ್ (ಎರಡಕ್ಕೂ ಒಟ್ಟಿಗೆ) ಆರಿಸಿ, ಎರಡೂ ಕಾರ್ಡ್ ಬೇರೆ ಬೇರೆ ಕಡೆ ಕೊಂಡದ್ದಾಗಿರಲಿ. ಪರೀಕ್ಷೆಯಲ್ಲಿ ಸೋತ ಕಾರ್ಡಿನ ದುಡ್ಡು ವಾಪಸ್ ಕೇಳಲು ಆ ವರದಿಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.