ಕೊನೆಯ ಪರೀಕ್ಷೆಯ ಮರುದಿನವೇ ಊರಿಗೆ ಹೊರಡಬಹುದಾ?

ಎಕ್ಸ್‌ಚೇಂಜ್ ಸೆಮಿಸ್ಟರ್‌ಗೆಂದು ಜರ್ಮನಿಗೆ ಹೊರಟ ಜೂನಿಯರ್‌ಗಳು ಫೋನ್ ಮಾಡಿದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ: ‘ಅಕ್ಕಾ, ಕೊನೇ ಎಕ್ಸಾಂ ಮುಗಿದ ಮರುದಿನಕ್ಕೇ ರಿಟರ್ನ್ ಟಿಕೆಟ್ ಹಾಕಿಬಿಡಲಾ? ಈಗಲೇ ಬುಕ್ ಮಾಡಿದ್ರೆ ಕಡಿಮೆಗೆ ಸಿಗುತ್ತೆ.’ ಬೇಡ ಅಂತಲೇ ಹೇಳುತ್ತೇನೆ. ಕಡಿಮೆಯೆಂದರೂ ಎರಡು ವಾರ ಕೈಯಲ್ಲಿಟ್ಟುಕೊಳ್ಳಿ, ಸಾಧ್ಯವಾದರೆ ಮೂರು.

ಅವಸರ ಯಾಕೆಂದು ನನಗೂ ಗೊತ್ತು. ಅಲ್ಲಿನ ಚಳಿಗಾಲದ ಸೆಮಿಸ್ಟರ್ ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ಶುರುವಾಗಿ ಮಾರ್ಚ್ 31ರವರೆಗೆ ಇರುತ್ತದೆ. ಪಾಠ ಮುಗಿಯುವುದೇ ಫೆಬ್ರುವರಿ ಮಧ್ಯದಲ್ಲಿ, ಕೆಲವು ಪರೀಕ್ಷೆಗಳು ಮಾರ್ಚ್‌ಗೂ ಹೋಗುತ್ತವೆ. ಅಷ್ಟೊತ್ತಿಗೆ ನಮ್ಮ ಕಾಲೇಜುಗಳಲ್ಲಿ ಈವನ್ ಸೆಮಿಸ್ಟರ್ ಶುರುವಾಗಿ, ಅಟೆಂಡೆನ್ಸ್ ಶಾರ್ಟೇಜ್ ಎಂಬ ಹೆದರಿಕೆ ಕುತ್ತಿಗೆಗೆ ಬಂದಿರುತ್ತದೆ. ಇದನ್ನು ಹೊರಡುವ ಮುಂಚೆಯೇ ಎಚ್‌ಒಡಿ ಹತ್ತಿರ ಮಾತಾಡಿ, ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಮಾರ್ಚ್‌ನಲ್ಲಿ ಅಲ್ಲಿಂದ ಮೇಲ್ ಹಾಕುತ್ತಾ ಕೂತರೆ ಕೆಲಸ ಆಗುವುದಿಲ್ಲ.

ಕಾಗದಪತ್ರದ ಕೆಲಸಗಳಿಗೆ ಒಂದು ಸರದಿ ಇದೆ, ಒಂದು ಮುಗಿಯದೆ ಇನ್ನೊಂದು ಆಗುವುದಿಲ್ಲ. ಅಲ್ಲಿ ನೀವಿರುವ ಊರಿನ ನೋಂದಣಿ ಕಚೇರಿಯಲ್ಲಿ ‘ನಾನು ದೇಶ ಬಿಡುತ್ತಿದ್ದೇನೆ’ ಎಂದು ಹೆಸರು ತೆಗೆಸಬೇಕು, ಅದಕ್ಕೆ ಆಬ್‌ಮೆಲ್ಡುಂಗ್ ಅನ್ನುತ್ತಾರೆ. ಮನೆ ಬಿಡುವುದಕ್ಕೆ ಒಂದು ವಾರ ಇರುವಾಗಿನಿಂದ ಮಾತ್ರ ಅದನ್ನು ಮಾಡಿಸಬಹುದು, ಬಿಟ್ಟ ಮೇಲೆ ಎರಡು ವಾರದ ಗಡುವು. ರೇಡಿಯೊ–ಟಿವಿ ಶುಲ್ಕ ನಿಲ್ಲಿಸುವುದಕ್ಕೆ ಆ ಕಚೇರಿ ಕೊಡುವ ಚೀಟಿ ಬೇಕು. ವೀಸಾಕ್ಕೆಂದು ಖರ್ಚಿನ ದುಡ್ಡು ಕಟ್ಟಿಟ್ಟ ಬ್ಲಾಕ್ಡ್ ಅಕೌಂಟ್ ಮುಚ್ಚುವಾಗಲೂ, ಹೆಲ್ತ್ ಇನ್ಶೂರೆನ್ಸ್ ಬಿಡುವಾಗಲೂ ಅದನ್ನೇ ಕೇಳುವುದುಂಟು. ಇನ್ನು ಅಂಕಪಟ್ಟಿ ಕೈಯಲ್ಲಿ ಹಿಡಿದು ವಿಮಾನ ಹತ್ತುತ್ತೇನೆ ಎಂಬ ಆಸೆ ಬಿಟ್ಟುಬಿಡಿ. ಮೌಲ್ಯಮಾಪನಕ್ಕೇ ವಾರಗಟ್ಟಲೆ ಹಿಡಿಯುತ್ತದೆ. ಆದರೆ ತಿದ್ದಿದ ಉತ್ತರಪತ್ರಿಕೆ ನೋಡಲು ಒಂದು ದಿನ ಗೊತ್ತುಮಾಡುತ್ತಾರಲ್ಲ, ಆ ದಿನ ನೀವು ಅಲ್ಲೇ ಇದ್ದರೆ ತಪ್ಪದೆ ಹೋಗಿ. ಅಲ್ಲಿ 1.0 ಅತ್ಯುತ್ತಮ, 4.0 ಪಾಸಿನ ಗಡಿ. ಆ ಗಡಿಯಲ್ಲಿ ಕೂತವರಿಗೆ ಒಂದೊಂದು ಅಂಕವೂ ಲೆಕ್ಕಕ್ಕೆ ಬರುತ್ತದೆ.

ರೂಮ್ ಬಿಟ್ಟುಕೊಡುವುದು ಅರ್ಧ ದಿನದ ಕೆಲಸ ಎಂದುಕೊಳ್ಳಬೇಡಿ. ನಾನಿದ್ದದ್ದು ಕಾರ್ಲ್ಸ್‌ರೂಹೆಯಲ್ಲಿ, ಗಡಸು ನೀರಿನ ಊರು. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ನಲ್ಲಿಯ ಬುಡದಲ್ಲಿ, ಶವರ್ ಗಾಜಿನ ಮೇಲೆ ಬಿಳಿ ಸುಣ್ಣ ಕಟ್ಟಿಬಿಡುತ್ತದೆ. ಹಾಸ್ಟೆಲ್ ನೋಡಿಕೊಳ್ಳುವ ಹೌಸ್‌ಮೈಸ್ಟರ್ ಬಂದವರೇ ಮೊದಲು ಬಗ್ಗಿ ಬೆರಳಾಡಿಸಿದ್ದು ಆ ನಲ್ಲಿಯ ಹಿಂಬದಿಗೆ. ಪಕ್ಕದ ರೂಮಿನ ಹುಡುಗಿ ಹೇಳಿಕೊಟ್ಟಿದ್ದಳು: ಟಿಶ್ಯೂ ಪೇಪರನ್ನು ವಿನಿಗರ್‌ನಲ್ಲಿ ನೆನೆಸಿ, ನಲ್ಲಿಗೆ ಸುತ್ತಿ ರಾತ್ರಿಯಿಡೀ ಬಿಡು, ಬೆಳಗ್ಗೆ ಹಳೆಯ ಬ್ರಷ್‌ನಿಂದ ಉಜ್ಜು. ಸುಣ್ಣ ಪುಡಿಪುಡಿಯಾಗಿ ಉದುರಿತು. ನಲ್ಲಿ ನೋಡಿದ ಮೇಲೆ ಹೌಸ್‌ಮೈಸ್ಟರ್ ಓವನ್ ತೆರೆದು ನೋಡಿದರು, ಗೋಡೆಯಲ್ಲಿ ಮೊಳೆ ಹೊಡೆದ ತೂತು ಹುಡುಕಿದರು, ರೂಮಿನ ಸ್ಥಿತಿ ಬರೆದ ಪಟ್ಟಿಗೆ ಸಹಿ ಹಾಕಿಸಿಕೊಂಡರು. ಠೇವಣಿ ದುಡ್ಡು ನಿಂತಿರುವುದು ಆ ಪಟ್ಟಿಯ ಮೇಲೆ, ಬರುವುದು ತಡವಾಗಿ. ಅದು ಬರುವವರೆಗೆ ಅಲ್ಲಿನ ಬ್ಯಾಂಕ್ ಖಾತೆ ಮುಚ್ಚಬೇಡಿ.

ಇಷ್ಟೇ ಆಗಿದ್ದರೆ ಗಡಿಬಿಡಿಯಲ್ಲಿ ಒಂದು ವಾರದಲ್ಲೂ ಮುಗಿಸಬಹುದಿತ್ತು. ನಾನು ಮೂರು ವಾರ ಅನ್ನುವುದಕ್ಕೆ ಬೇರೆ ಕಾರಣ ಇದೆ.

ಜರ್ಮನ್ ಸಹಪಾಠಿಗಳು ಸೆಮಿಸ್ಟರ್ ನಡೆಯುವಾಗ ನಿಮ್ಮ ಜೊತೆ ಹೆಚ್ಚು ಮಾತಾಡುವುದಿಲ್ಲ. ಅದು ಬಿಗುಮಾನವಲ್ಲ, ಅವರಿಗೆ ಪುರುಸೊತ್ತಿಲ್ಲ. ಜನವರಿ ಬಂತೆಂದರೆ ಲೈಬ್ರರಿಯಲ್ಲಿ ಕುರ್ಚಿ ಸಿಗುವುದೇ ಕಷ್ಟ. ಕ್ಲಾಸ್ ಮುಗಿದಾಗ ಅವರು ಚಪ್ಪಾಳೆ ತಟ್ಟುವುದಿಲ್ಲ, ಬೆರಳ ಗೆಣ್ಣಿನಿಂದ ಬೆಂಚು ಕುಟ್ಟುತ್ತಾರೆ. ಕೊನೆಯ ಕ್ಲಾಸಿನಲ್ಲಿ ಪ್ರೊಫೆಸರ್ ಬ್ಯಾಗು ಹೆಗಲಿಗೇರಿಸಿ ಬಾಗಿಲು ದಾಟುವವರೆಗೂ ಆ ಸದ್ದು ನಿಲ್ಲಲಿಲ್ಲ. ಮರುಗಳಿಗೆಯೇ ಎಲ್ಲರೂ ಓದಲು ಓಡಿದರು. ಅವರ ಮನೆ ಬಾಗಿಲು ನಮಗೆ ತೆರೆಯುವುದು ಪರೀಕ್ಷೆ ಕಳೆದ ಮೇಲೆ.

ನನ್ನ ಲ್ಯಾಬ್ ಪಾರ್ಟ್‌ನರ್ ಇಡೀ ಸೆಮಿಸ್ಟರ್ ರಿಪೋರ್ಟ್ ಬಿಟ್ಟು ಬೇರೆ ಮಾತಾಡಿದವಳಲ್ಲ. ಪರೀಕ್ಷೆ ಮುಗಿದ ವಾರಾಂತ್ಯ ಬ್ಲಾಕ್ ಫಾರೆಸ್ಟ್ ಎಂಬ ಬೆಟ್ಟಗಾಡಿನ ದಕ್ಷಿಣ ಭಾಗದಲ್ಲಿರುವ ತನ್ನ ಹಳ್ಳಿಗೆ ಕರೆದೊಯ್ದಳು. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ ಮೊದಲ ಭಾನುವಾರ ಅಲ್ಲಿ ಶೈಬೆನ್‌ಶ್ಲಾಗೆನ್ ನಡೆಯುತ್ತದೆ. ಗುಡ್ಡದ ಮೇಲೆ ದೊಡ್ಡ ಬೆಂಕಿ ಹಾಕುತ್ತಾರೆ. ಅಂಗೈಯಗಲದ ಮರದ ಬಿಲ್ಲೆಯನ್ನು ಉದ್ದ ಕೋಲಿಗೆ ಸಿಕ್ಕಿಸಿ, ಅಂಚು ಕೆಂಡವಾಗುವ ತನಕ ಕಾಯಿಸಿ, ಓರೆಯಾಗಿ ನಿಲ್ಲಿಸಿದ ಹಲಗೆಗೆ ಬೀಸಿ ಹೊಡೆಯುತ್ತಾರೆ. ಬಿಲ್ಲೆ ಕೋಲಿನಿಂದ ಕಳಚಿ ಕಣಿವೆಯ ಕತ್ತಲೆಗೆ ಹಾರುತ್ತದೆ. ಹೊಡೆಯುವ ಮುಂಚೆ ಅದು ಯಾರಿಗೆಂದು ಕೂಗಿ ಹೇಳಬೇಕು. ಅವಳ ಅಜ್ಜ ನಮ್ಮಮ್ಮನ ಹೆಸರು ಕೇಳಿ, ನಾಲಿಗೆಗೆ ಕೂರುವವರೆಗೆ ಎರಡು ಸಲ ಹೇಳಿಕೊಂಡು, ಅವಳಿಗೊಂದು ಬಿಲ್ಲೆ ಹೊಡೆದರು. ಮಗಳನ್ನು ಇಷ್ಟು ದೂರ ಕಳಿಸಿದ ತಾಯಿಗೆ ಸಲ್ಲಬೇಕಾದ್ದು ಅಂದರು. ಮಾರನೆಯ ಸಂಜೆಯೇ ವಿಮಾನ ಇದ್ದಿದ್ದರೆ ಆ ಗುಡ್ಡವನ್ನು ನಾನು ಹತ್ತುತ್ತಿರಲಿಲ್ಲ.

ಹೀಗಾಗಿ ಟಿಕೆಟ್‌ಗೆ ಕೈ ಹಾಕುವ ಮೊದಲು ವೀಸಾ ಮುಗಿಯುವ ದಿನ, ರೂಮಿನ ಕರಾರು ಮುಗಿಯುವ ದಿನ, ಕೊನೆಯ ಪರೀಕ್ಷೆಯ ದಿನ ಮೂರನ್ನೂ ಪಕ್ಕಪಕ್ಕ ಬರೆದುಕೊಳ್ಳಿ. ಮೊದಲೆರಡರಲ್ಲಿ ಯಾವುದು ಮುಂಚೆ ಬರುತ್ತದೋ ಅದಕ್ಕೆ ಎರಡು ಮೂರು ದಿನ ಇರುವಂತೆ ಹೊರಡಿ. ನಾಲ್ಕು ಕಾಸು ಹೆಚ್ಚಾದರೂ ದಿನಾಂಕ ಬದಲಿಸಲು ಬರುವ ಟಿಕೆಟ್ಟೇ ಇರಲಿ. ಪರೀಕ್ಷೆಯ ದಿನ ಸ್ವಲ್ಪ ಆಚೀಚೆ ಆಗುವುದುಂಟು, ಮತ್ತೆ ಯಾರಾದರೂ ಮನೆಗೆ ಕರೆದಾರು.