ಲಾರೆನ್ಸ್ ಬಿದ್ದ ರಸ್ತೆಯಲ್ಲಿ

ಲಂಡನ್ನಿನ ವಾಟರ್‌ಲೂ ಸ್ಟೇಷನ್ನಿನಲ್ಲಿ ವೇಮತ್ ಕಡೆಗೆ ಹೋಗುವ ರೈಲು ಹತ್ತಿದೆ. ಡಾರ್ಸೆಟ್ ಸೀಮೆಯ ವೂಲ್ ಎಂಬ ಚಿಕ್ಕ ಊರಲ್ಲಿ ಇಳಿದಾಗ ಬೆಳಗ್ಗೆ ಹತ್ತೂವರೆ. ಮೇ ತಿಂಗಳಾದರೂ ಸ್ವೆಟರ್ ಬೇಕಾಗುವಷ್ಟು ಗಾಳಿ. ನಾನು ನೋಡಬೇಕಿದ್ದದ್ದು ಒಂದು ಮನೆ, ಅದರ ಮುಂದಿನ ರಸ್ತೆ, ಆಮೇಲೆ ಒಂದು ಗೋರಿ. ಮೂರೂ ಒಬ್ಬರಿಗೇ ಸೇರಿದ್ದು: ಟಿ. ಇ. ಲಾರೆನ್ಸ್.

ಲಾರೆನ್ಸ್ ಆಫ್ ಅರೇಬಿಯಾ ಅಂದರೆ ಜಾಸ್ತಿ ಜನಕ್ಕೆ ನೆನಪಾಗುವುದು ಮರಳುಗಾಡು, ಒಂಟೆ, ಬಿಳಿ ನಿಲುವಂಗಿ. ಮೊದಲನೇ ಮಹಾಯುದ್ಧದಲ್ಲಿ ತುರ್ಕರ ವಿರುದ್ಧ ಅರಬರ ಜೊತೆ ನಿಂತ ಇಂಗ್ಲಿಷ್ ಅಧಿಕಾರಿ. ಯುದ್ಧ ಮುಗಿದ ಮೇಲೆ ಆ ಹೆಸರೇ ಭಾರವಾಗಿ, ಹೆಸರು ಬದಲಿಸಿಕೊಂಡು ಸಾಮಾನ್ಯ ಸಿಪಾಯಿಯಾಗಿ ವಾಯುಪಡೆಗೆ ಸೇರಿದರು. ಕರಾಚಿಯಲ್ಲೂ ಸ್ವಲ್ಪ ಕಾಲ ಇದ್ದರು. 1935ರ ಫೆಬ್ರವರಿಯಲ್ಲಿ ಆ ಕೆಲಸ ಮುಗಿಯಿತು. ಇನ್ನು ನೆಮ್ಮದಿಯಾಗಿ ಇರೋಣ ಅಂತ ಇಲ್ಲಿಯ ಕ್ಲೌಡ್ಸ್ ಹಿಲ್ ಮನೆಗೆ ಬಂದರು.

ಸಿಕ್ಕಿದ್ದು ಎರಡೂವರೆ ತಿಂಗಳು.

ಟ್ಯಾಕ್ಸಿ ನನ್ನನ್ನು ಮನೆಯ ಮುಂದೆಯೇ ಇಳಿಸಿತು. ಸುತ್ತ ರೋಡೋಡೆಂಡ್ರಾನ್ ಪೊದೆಗಳು, ಮಧ್ಯೆ ಪುಟ್ಟ ಬಿಳಿ ಮನೆ. ಈಗ ಇದನ್ನು ನ್ಯಾಷನಲ್ ಟ್ರಸ್ಟ್ ನೋಡಿಕೊಳ್ಳುತ್ತದೆ. ಬಾಗಿಲ ಮೇಲೆ ಗ್ರೀಕ್ ಅಕ್ಷರಗಳಿವೆ. ಅರ್ಥ ಹೆಚ್ಚುಕಮ್ಮಿ ‘ಚಿಂತೆ ಇಲ್ಲ’ ಅಂತ. ಅವರೇ ಕೆತ್ತಿದ್ದು. ಕೆಳಗೆ ಪುಸ್ತಕದ ಕೋಣೆ, ಮೇಲೆ ಸಂಗೀತದ ಕೋಣೆ, ಅಲ್ಲಿ ದೊಡ್ಡ ಕೊಂಬಿನ ಗ್ರಾಮಫೋನು. ಅಡುಗೆಮನೆ ಇಲ್ಲ. ಆಗ ಕರೆಂಟೂ ಇರಲಿಲ್ಲ. ಬ್ರೆಡ್ಡು, ಬೆಣ್ಣೆ, ಚೀಸು ಮುಚ್ಚಿಡಲು ಗಾಜಿನ ಮುಚ್ಚಳಗಳಿದ್ದವು, ಅಷ್ಟೇ. ಮಲಗಲು ಎರಡು ಸ್ಲೀಪಿಂಗ್ ಬ್ಯಾಗು. ಒಂದರ ಮೇಲೆ ಲ್ಯಾಟಿನ್ನಿನಲ್ಲಿ ‘ನನ್ನದು’ ಅಂತ, ಇನ್ನೊಂದರ ಮೇಲೆ ‘ನಿನ್ನದು’ ಅಂತ ದಾರದಲ್ಲಿ ಕಸೂತಿ. ಬರುವ ಗೆಳೆಯನಿಗೆ ಅಂತ ಮೊದಲೇ ಎತ್ತಿಟ್ಟ ಹಾಸಿಗೆ ಅದು. ಆ ‘ನಿನ್ನದು’ ಅನ್ನುವ ಮಾತನ್ನು ಎಷ್ಟು ಹೊತ್ತು ನೋಡುತ್ತ ನಿಂತಿದ್ದೆನೋ.

ಗೆಳೆಯನಿಗೋಸ್ಕರವೇ ಅವತ್ತು ಅವರು ಹೊರಟಿದ್ದು ಕೂಡ. ಮೇ 13ರ ಬೆಳಗ್ಗೆ ಹತ್ತಿರದ ಬೋವಿಂಗ್ಟನ್ ಸೈನ್ಯದ ಕ್ಯಾಂಪಿನ ಪೋಸ್ಟ್ ಆಫೀಸಿಗೆ ಬೈಕಿನಲ್ಲಿ ಹೋದರು. ಮರುದಿನ ಊಟಕ್ಕೆ ಬಾ ಅಂತ ಲೇಖಕ ಹೆನ್ರಿ ವಿಲಿಯಮ್ಸನ್‌ಗೆ ತಂತಿ ಕೊಟ್ಟರು. ವಾಪಸ್ ಬರುವಾಗ ಮನೆ ಇನ್ನೇನು ಬಂತು ಅನ್ನುವಾಗ, ರಸ್ತೆಯ ಇಳಿಜಾರಿನಲ್ಲಿ ಸೈಕಲ್ ಮೇಲೆ ಇಬ್ಬರು ಹುಡುಗರು ಮುಂದೆ ಹೋಗುತ್ತಿದ್ದರು. ಅವರನ್ನು ತಪ್ಪಿಸಲು ಹೋಗಿ ಬೈಕು ಆಯ ತಪ್ಪಿತು. ಲಾರೆನ್ಸ್ ಹ್ಯಾಂಡಲ್ ಮೇಲಿಂದ ಹಾರಿ ಬಿದ್ದರು. ತಲೆಯ ಮೇಲೆ ಏನೂ ಇರಲಿಲ್ಲ.

ನಾನು ಆ ರಸ್ತೆಯಲ್ಲಿ ನಡೆದೆ. ಈಗ ಅಂಥ ಇಳಿಜಾರು ಕಾಣುವುದಿಲ್ಲ. ಪಕ್ಕದಲ್ಲಿ ಒಂದು ಚಿಕ್ಕ ನೆನಪಿನ ಕಲ್ಲಿದೆ. ಕಾರುಗಳು ಸುಮ್ನೆ ದಾಟಿ ಹೋಗುತ್ತವೆ.

ಆರು ದಿನ ಎಚ್ಚರ ಬರಲಿಲ್ಲ. ಕ್ಯಾಂಪಿನ ಆಸ್ಪತ್ರೆಯಲ್ಲಿ ಮೇ 19ರಂದು ಹೋದರು. ವಯಸ್ಸು 46. ಆ ದಿನಗಳಲ್ಲಿ ಅವರನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಸರ್ಜನ್ ಒಬ್ಬರು. ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ. ಕೈಯಲ್ಲಿ ಏನೂ ಮಾಡಲಾಗದ ಆ ಸಾವು ಅವರನ್ನು ಬಿಡಲಿಲ್ಲ. ಬೈಕ್ ಸವಾರರ ತಲೆಯ ಗಾಯಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. 1941ರಲ್ಲಿ ಪ್ರಕಟಿಸಿದ ಲೇಖನದ ಹೊತ್ತಿಗೆ, ಹೆಲ್ಮೆಟ್ ಹಾಕಿಯೂ ತಲೆಗೆ ಪೆಟ್ಟಾದವರು ಅವರಿಗೆ ಸಿಕ್ಕಿದ್ದು ಏಳೇ ಜನ. ಏಳು ಜನವೂ ಬದುಕಿದ್ದರು. ಅದೇ ವರ್ಷ ಬ್ರಿಟಿಷ್ ಸೈನ್ಯ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಎಲ್ಲರಿಗೂ ಕಾನೂನು ಬಂದದ್ದು 1973ರಲ್ಲಿ. ಅದನ್ನು ನೋಡಲು ಕೇರ್ನ್ಸ್ ಇರಲಿಲ್ಲ, 1952ರಲ್ಲೇ ತೀರಿಕೊಂಡಿದ್ದರು.

ನಾನು ಅಷ್ಟು ದೂರ ಹೋದದ್ದು ನಿಜ ಹೇಳಬೇಕೆಂದರೆ ಕೇರ್ನ್ಸ್ ಸಲುವಾಗಿ. ನಾಲ್ಕು ವರ್ಷದ ಹಿಂದೆ ನನ್ನ ತಮ್ಮ ತುಮಕೂರು ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದ. ಕಾಲರ್ ಬೋನ್ ಮುರಿಯಿತು, ತಲೆಗೆ ಏನೂ ಆಗಲಿಲ್ಲ. ಬಲಗಡೆ ಕಿವಿಯ ಹತ್ತಿರ ಬಿರುಕು ಬಿಟ್ಟ ಹೆಲ್ಮೆಟ್ಟು ಇನ್ನೂ ಮನೆಯ ಅಟ್ಟದ ಮೇಲಿದೆ. ಅಮ್ಮ ಎಸೆಯಲು ಬಿಡುವುದಿಲ್ಲ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಕೆಳಗಿಳಿಸಿ, ಒರೆಸಿ, ಕುಂಕುಮ ಇಟ್ಟು ಮತ್ತೆ ಮೇಲಿಡುತ್ತಾರೆ.

ಅಲ್ಲಿಂದ ಮೋರ್ಟನ್ ಹಳ್ಳಿಗೆ ಒಂದೂವರೆ ಗಂಟೆ ನಡಿಗೆ. ಇಲ್ಲಿನ ಸೇಂಟ್ ನಿಕೋಲಸ್ ಚರ್ಚಿನಲ್ಲೇ ಮೇ 21ರಂದು ಅಂತ್ಯಕ್ರಿಯೆಯ ಪ್ರಾರ್ಥನೆ ನಡೆಯಿತು. ಚರ್ಚಿಲ್ ಬಂದಿದ್ದರು. 1940ರಲ್ಲಿ ಜರ್ಮನ್ ಬಾಂಬು ಬಿದ್ದು ಚರ್ಚಿಗೆ ಹಾನಿಯಾಯಿತು. ಆಮೇಲೆ ಲಾರೆನ್ಸ್ ವಿಸ್ಲರ್ ಎಂಬ ಕಲಾವಿದರು ಗಾಜಿನ ಮೇಲೆ ಚಿತ್ರ ಕೆತ್ತಿ ಹೊಸ ಕಿಟಕಿಗಳನ್ನು ಮಾಡಿದರು. ಬಣ್ಣವೇ ಇಲ್ಲ. ಕೆತ್ತಿದ ಗೆರೆಗಳ ಹಿಂದೆ ಹೊರಗಿನ ನಿಜವಾದ ಮರಗಳು ಅಲ್ಲಾಡುತ್ತವೆ.

ಗೋರಿ ಚರ್ಚಿನ ಅಂಗಳದಲ್ಲಿಲ್ಲ, ಸ್ವಲ್ಪ ದೂರದ ಬೇರೆ ಸ್ಮಶಾನದಲ್ಲಿದೆ. ಕಲ್ಲಿನ ಮೇಲೆ ಅರೇಬಿಯಾದ ಹೆಸರಿಲ್ಲ, ಕರ್ನಲ್ ಅನ್ನುವ ಪದವಿಯಿಲ್ಲ. ಹೆಸರು, ಆಕ್ಸ್‌ಫರ್ಡಿನ ಆಲ್ ಸೋಲ್ಸ್ ಕಾಲೇಜು, ಎರಡು ತಾರೀಕು, ಬೈಬಲ್ಲಿನ ಒಂದು ಮಾತು. ತಮ್ಮನಿಗೆ ಫೋಟೋ ಕಳಿಸಿದೆ. ತಕ್ಷಣ ಫೋನ್ ಮಾಡಿದ.

“ಅಕ್ಕಾ, ಯಾವ ಬೈಕು ಅದು?”

“ಬ್ರಫ್ ಸುಪೀರಿಯರ್. ಸಾವಿರ ಸಿಸಿ. ಒಂದಾದ ಮೇಲೊಂದು ಏಳು ಇಟ್ಟಿದ್ರಂತೆ. ಎಂಟನೇದಕ್ಕೆ ಆರ್ಡರ್ ಕೊಟ್ಟಿದ್ರು.”

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಹೂವು ಇಟ್ಯಾ?” ಅಂತ ಕೇಳಿದ. ತಂದಿರಲಿಲ್ಲ. ಬೇಲಿಯ ಪಕ್ಕ ಹುಲ್ಲಲ್ಲಿ ಬೆಳೆದಿದ್ದ ನಾಲ್ಕು ಡೇಸಿ ಹೂವು ಕಿತ್ತು ತಂದು ಇಟ್ಟೆ.