ಕೂಸು, ಮಾಣಿ ಮತ್ತು ಕಾರವಾರ

16 ನವೆಂಬರ್ 2025, ಭಾನುವಾರ
ಶಿರಸಿ, ರಾತ್ರಿ 10 ಗಂಟೆ

ಇಬ್ಬರೂ ಮಲಗಿದ್ದಾರೆ. ಕಾಲಿಗೆ ಮೆತ್ತಿದ್ದ ಮರಳು ಹಾಸಿಗೆಗೂ ಬಂದಿದೆ. ನಾಳೆ ಕೊಡವಿದರಾಯಿತು. ಇವತ್ತಿನದನ್ನು ಇವತ್ತೇ ಬರೆದಿಡಬೇಕು ಅನ್ನಿಸಿದೆ.

ನಮ್ಮ ಅವಳಿಗಳಿಗೆ ಈಗ ಐದು ವರ್ಷ. ಕೂಸು ಎಂಟು ನಿಮಿಷಕ್ಕೆ ದೊಡ್ಡವಳು. ನಡೆಯುವುದು ಅಂದರೆ ಅವಳಿಗೆ ಓಡುವುದೇ. ಮಾಣಿ ಹಾಗಲ್ಲ. ಹೊಸ ಜಾಗಕ್ಕೆ ಹೋದರೆ ಮೊದಲು ನನ್ನ ಚೂಡಿದಾರದ ತುದಿ ಹಿಡಿದು ಸುಮ್ನೆ ನಿಲ್ಲಬೇಕು, ಎಲ್ಲವನ್ನೂ ನೋಡಬೇಕು. ಮನೆಗೆ ಬಂದವರೆಲ್ಲ 'ಅವಳಿ ಮಕ್ಕಳು, ಹೀಗ್ಯಾಕೆ?' ಅಂತ ಕೇಳುತ್ತಾರೆ. ಎರಡು ಬೇರೆ ಅಂಡಾಣುಗಳಿಂದ ಹುಟ್ಟಿದ ಮಕ್ಕಳಿವು. ಬೇರೆ ಬೇರೆ ವರ್ಷ ಹುಟ್ಟಿದ ಅಕ್ಕ ತಮ್ಮನಲ್ಲಿ ಎಷ್ಟು ಹೋಲಿಕೆಯೋ ಇವರಲ್ಲೂ ಅಷ್ಟೇ.

ಇದು ಗೊತ್ತಿದ್ದೂ 2024ರ ಮಾರಿಕಾಂಬಾ ಜಾತ್ರೆಯಲ್ಲಿ ನಾನು ತಪ್ಪು ಮಾಡಿದೆ. ಮಕ್ಕಳ ತೊಟ್ಟಿಲಿಗೆ ಇಬ್ಬರನ್ನೂ ಒಟ್ಟಿಗೆ ಹತ್ತಿಸಿದೆ. ಕೂಸು ಮೇಲಿಂದ ಕೈ ಬೀಸಿದಳು. ಮಾಣಿಯ ಅಳುವಿಗೆ ತೊಟ್ಟಿಲನ್ನೇ ನಿಲ್ಲಿಸಬೇಕಾಯಿತು. ಇಳಿದು ಬಂದವನಿಗೆ ಎಲ್ಲರ ಎದುರು 'ಅಕ್ಕನ್ನ ನೋಡಿ ಕಲಿ' ಅಂದೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ. ಎಷ್ಟು ಆಸೆಯಿಂದ ಹೊರಟಿದ್ದ. ಆ ಮಾತು ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಹಾಗಾಗಿ ಇವತ್ತು ಬೆಳಿಗ್ಗೆ ದೇವಿಮನೆ ಘಟ್ಟ ಇಳಿಯುವಾಗಲೇ ಮಾತಾಡಿಕೊಂಡೆವು. ಕಾರವಾರದಲ್ಲಿ ಇಬ್ಬರನ್ನೂ ಒಟ್ಟಿಗೆ ಎಳೆದಾಡುವುದು ಬೇಡ.

ಟಾಗೋರ್ ಕಡಲತೀರ ಇಂಥ ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿದೆ. ಒಂದು ಕಡೆ ರಾಕ್ ಗಾರ್ಡನ್. ನಮ್ಮ ಜಿಲ್ಲೆಯ ಹಾಲಕ್ಕಿ, ಸಿದ್ದಿ, ಗೌಳಿ, ಕುಣಬಿ ಜನರ ಬದುಕನ್ನು ಆಳೆತ್ತರದ ಬೊಂಬೆಗಳಲ್ಲಿ ತೋರಿಸಿದ್ದಾರೆ. ಇನ್ನೊಂದು ಕಡೆ ಐಎನ್‌ಎಸ್ ಚಪಲ್ ಯುದ್ಧನೌಕೆ. 1976ರಲ್ಲಿ ನೌಕಾಪಡೆ ಸೇರಿ, 2005ರಲ್ಲಿ ನಿವೃತ್ತಿಯಾಗಿ, ಈಗ ದಡದಲ್ಲೇ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಅಲ್ಲೇ ಟುಪೊಲೆವ್ ವಿಮಾನವೂ ಇದೆ.

ಕೂಸು ಹಡಗು ಕಂಡದ್ದೇ ತಡ, 'ಅಪ್ಪಾ, ಬೇಗ ಬಾ!' ಅಂತ ಓಡಿದಳು. ನಮ್ಮನೆಯವರು ಹಿಂದೆಯೇ ಹೋದರು. ಅಲ್ಲಿ ನಡೆದದ್ದೆಲ್ಲ ನನಗೆ ಗೊತ್ತಾದದ್ದು ಅವಳ ಬಾಯಿಂದಲೇ.

ಮಾಣಿ ಮತ್ತು ನಾನು ರಾಕ್ ಗಾರ್ಡನ್ನಿಗೆ ಹೋದೆವು. ಒಳಗೆ ಹೋದ ಕೂಡಲೇ ನಿಂತುಬಿಟ್ಟ. ನಾನೂ ನಿಂತೆ. 'ಹೋಪನ' ಅಂತ ಒಮ್ಮೆಯೂ ಹೇಳಲಿಲ್ಲ. ನನಗೆ ಅದು ಸುಲಭ ಆಗಿರಲಿಲ್ಲ, ಹಿಂದೆ ಬರುವವರೆಲ್ಲ ನಮ್ಮನ್ನು ದಾಟಿಕೊಂಡು ಹೋಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಚೂಡಿದಾರ ಬಿಟ್ಟು ತಾನೇ ಹಾಲಕ್ಕಿ ಹೆಂಗಸಿನ ಬೊಂಬೆಯ ಹತ್ತಿರ ಹೋದ. ಕುತ್ತಿಗೆಯಿಂದ ಎದೆಯವರೆಗೆ ಇಳಿದ ಮಣಿಸರಗಳನ್ನು ಬೆರಳು ಮಾಡಿ ಎಣಿಸಲು ಶುರು ಮಾಡಿದ. ಲೆಕ್ಕ ತಪ್ಪಿತು. ಮತ್ತೆ ಮೊದಲಿಂದ.

'ಆಯಿ, ಇವ್ಳಿಗೆ ಕುತ್ಗೆ ನೋಯ್ತಿಲ್ಯ?'

ಅಲ್ಲೇ ಕೂತು ಅವನಿಗೆ ಸುಕ್ರಜ್ಜಿಯ ವಿಷಯ ಹೇಳಿದೆ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡ. ಅವರೂ ಹೀಗೇ ಮಣಿಸರ ಹಾಕುತ್ತಿದ್ದರು. ಓದು ಬರಹ ಕಲಿತವರಲ್ಲ, ಆದರೆ ನೂರಾರು ಹಾಡು ಬಾಯಲ್ಲೇ ಇದ್ದವು. 2017ರಲ್ಲಿ ಪದ್ಮಶ್ರೀ ಬಂತು. ಊರಿನ ಹೆಂಗಸರ ಜೊತೆ ಸೇರಿ ಸಾರಾಯಿ ವಿರುದ್ಧ ಹೋರಾಡಿದರು. ಈ ವರ್ಷ ಫೆಬ್ರವರಿಯಲ್ಲಿ ತೀರಿಕೊಂಡರು. ಮಾಣಿ ಪೂರಾ ಕೇಳಿದ. 'ಹಾಡೆಲ್ಲ ಎಲ್ಲಿ ಹೋತು ಹಂಗಾರೆ?' ಅಂದ. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಬೇರೆಯವರು ಕಲಿತುಕೊಂಡಿದ್ದಾರೆ ಅಂದೆ. ನಾನೇ ಒಂದಾದರೂ ಕಲಿತಿದ್ದರೆ ಅಲ್ಲೇ ಹಾಡಿ ತೋರಿಸಬಹುದಿತ್ತು, ಅಲ್ವಾ?

ಸಿದ್ದಿಗಳ ಬೊಂಬೆ, ಗೌಳಿಗಳ ಎಮ್ಮೆ, ಎಲ್ಲದರ ಎದುರೂ ಹೀಗೇ. ಅರ್ಧ ಗಂಟೆಯಲ್ಲಿ ಮುಗಿಯುವ ಜಾಗಕ್ಕೆ ನಮಗೆ ಎರಡು ಗಂಟೆ ಬೇಕಾಯಿತು.

ಮಧ್ಯಾಹ್ನ ಗಾಳಿಮರದ ನೆರಳಲ್ಲಿ ತೆಳ್ಳೇವು, ಜೋನಿಬೆಲ್ಲದ ಡಬ್ಬಿ ಬಿಚ್ಚಿದೆ. ಕೂಸಿನ ಬಾಯಿ ನಿಲ್ಲಲೇ ಇಲ್ಲ. ಹಡಗಿನ ಏಣಿ ಎಷ್ಟು ಕಡಿದು, ಕ್ಷಿಪಣಿ ಇಡುವ ದೊಡ್ಡ ಕೊಳವೆ ನಾಲ್ಕು! ವಿಮಾನದಲ್ಲಿ ಪ್ರತಿ ಎಂಜಿನ್ನಿಗೂ ಎರಡೆರಡು ಪ್ರೊಪೆಲ್ಲರ್, ಒಂದರ ಹಿಂದೆ ಒಂದು. ಒಂದು ಹೀಗೆ ತಿರುಗಿದರೆ ಇನ್ನೊಂದು ಹಾಗೆ, ಅಂತ ಎರಡೂ ಕೈ ತಿರುಗಿಸಿ ತೋರಿಸಿದಳು. ಬೆಲ್ಲ ನನ್ನ ಮುಖಕ್ಕೆ ಹಾರಿತು. ನಮ್ಮನೆಯವರು ನನ್ನ ಕಡೆ ನೋಡಿ ನಕ್ಕರು. ನನಗೂ ಅದೇ ಹೊಳೆದಿತ್ತು.

ಊಟವಾದ ಮೇಲೆ ಕೂಸು ತಮ್ಮನ ಕೈ ಹಿಡಿದು ಹಡಗಿಗೆ ಎಳೆದಳು. ಏಣಿಯ ಹತ್ತಿರದವರೆಗೂ ಹೋದ. ಮೇಲೆ ನೋಡಿದ. 'ಎಂಗೆ ಬ್ಯಾಡ' ಅಂದ. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಕೂಸು ಒಂದು ಕ್ಷಣ ಅವನ ಮುಖ ನೋಡಿದಳು. ತನ್ನ ಟೋಪಿ ತೆಗೆದು ಅವನ ಕೈಗೆ ಕೊಟ್ಟು, 'ಹಂಗಾರೆ ಇದ್ನ ಹಿಡ್ಕ' ಅಂತ ಹೇಳಿ ಒಬ್ಬಳೇ ಹತ್ತಿದಳು. ಅಪ್ಪ ಮತ್ತೆ ಹಿಂದೆ ಓಡಿದರು. ಅವಳು ಇಳಿಯುವವರೆಗೂ ಮಾಣಿ ಆ ಟೋಪಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. ನಾನು ಒಂದು ಮಾತೂ ಆಡಲಿಲ್ಲ.

ವಾಪಸ್ ಬರುವಾಗ ಕಾರು ಹೊರಡುವ ಮುಂಚೆಯೇ ಕೂಸಿಗೆ ನಿದ್ದೆ. ಮಾಣಿ ಎಚ್ಚರವಿದ್ದ. ಅಂಕೋಲೆ ದಾಟುವಾಗ ಕತ್ತಲಾಗಿತ್ತು.

'ಸುಕ್ರಜ್ಜಿ ಮನೆ ಯಾವ ಬದಿಗೆ?' ಅಂದ.

ಆ ಹೊತ್ತಲ್ಲಿ ರಸ್ತೆಯ ದೀಪ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಆದರೂ ಕಿಟಕಿಗೆ ಮುಖ ಒತ್ತಿ ಸುಮಾರು ದೂರದವರೆಗೆ ಹಾಗೇ ನೋಡುತ್ತಿದ್ದ.